ಅಳಿಸಿದ ಪದಗಳು, ಉಳಿದ ದಾಖಲೆಗಳು: ಬ್ಯಾಕ್‌ಪೇಜ್ ಪ್ರಕರಣದ ಮರುಪರಿಶೀಲನೆ

ಅಂತರ್ಜಾಲದ ವರ್ಗೀಕೃತ ಜಾಹೀರಾತುಗಳು ಲೈಂಗಿಕ ಶೋಷಣೆಗೂ ಮಾನವ ಕಳ್ಳಸಾಗಣೆಗೂ ಬಳಕೆಯಾಗಿವೆ ಎಂಬುದರಲ್ಲಿ ಈಗ ಭಿನ್ನಾಭಿಪ್ರಾಯವಿಲ್ಲ. ಅಮೆರಿಕದ ಕ್ರೇಗ್ಸ್‌ಲಿಸ್ಟ್ ತನ್ನ ವಯಸ್ಕರ ವಿಭಾಗವನ್ನು 2010ರಲ್ಲಿ ಮುಚ್ಚಿದಾಗ ಆ ವ್ಯವಹಾರ ಅಂಥದೇ ಇನ್ನೊಂದು ಜಾಹೀರಾತು ತಾಣವಾದ ಬ್ಯಾಕ್‌ಪೇಜ್‌ನತ್ತ ಸರಿಯಿತು. 2018ರ ಏಪ್ರಿಲ್ 6ರಂದು ಸರ್ಕಾರ ಬ್ಯಾಕ್‌ಪೇಜನ್ನೂ ವಶಪಡಿಸಿಕೊಂಡಿತು. ಅದೇ ತಿಂಗಳ 11ರಂದು ಲೈಂಗಿಕ ಕಳ್ಳಸಾಗಣೆಗೆ ನೆರವಾಗುವ ತಾಣಗಳನ್ನು ಹೊಣೆಯಾಗಿಸುವ ಫೋಸ್ಟಾ ಮಸೂದೆ ಕಾಯಿದೆಯಾಯಿತು. ಇನ್ನೂ ಇತ್ಯರ್ಥವಾಗದ ಪ್ರಶ್ನೆ ಒಂದೇ: ಇಂಥ ತಾಣವನ್ನು ಮುಚ್ಚಿದರೆ ಸಂತ್ರಸ್ತರಿಗೆ ಒಳಿತಾಗುತ್ತದೆಯೇ, ಕೆಡುಕಾಗುತ್ತದೆಯೇ?

ಕೆಡುಕೇ ಆಗುತ್ತದೆ ಎಂಬ ವಾದವನ್ನು 2010ರಲ್ಲಿ ಅಂತರ್ಜಾಲ ಸಂಶೋಧಕಿ ಡಾನಾ ಬಾಯ್ಡ್ ಬಲವಾಗಿ ಮಂಡಿಸಿದರು. ಜಾಹೀರಾತು ಬಯಲಲ್ಲಿದ್ದರೆ ಪೊಲೀಸರ ಕಣ್ಣಿಗೂ ಬೀಳುತ್ತದೆ. ತಾಣ ಮುಚ್ಚಿದರೆ ಅಪರಾಧ ನಿಲ್ಲದು, ಮರೆಗೆ ಸರಿಯುತ್ತದೆ ಎಂಬುದು ಅದರ ಸಾರ. ಈ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ಬುಡದಲ್ಲಿ ಒಂದು ನಂಬಿಕೆಯಿದೆ: ನಮಗೆ ಕಾಣುವ ಜಾಹೀರಾತು, ಹಾಕಿದವನು ಬರೆದ ಜಾಹೀರಾತೇ ಆಗಿದೆ ಎಂಬುದು. ಅನಂತರ ಸಿಕ್ಕ ಸಾಕ್ಷ್ಯ ಈ ನಂಬಿಕೆಯನ್ನು ಅಲುಗಾಡಿಸಿದೆ.

ಅಮೆರಿಕದ ಸೆನೆಟ್ ತನಿಖಾ ಉಪಸಮಿತಿ 2017ರ ಜನವರಿಯಲ್ಲಿ ಹೊರತಂದ ವರದಿಯ ಪ್ರಕಾರ, ಬ್ಯಾಕ್‌ಪೇಜ್ ಪ್ರಕಟಣೆಗೆ ಮೊದಲೇ ಜಾಹೀರಾತುಗಳಿಂದ 'ಲೋಲಿಟಾ', 'ಟೀನೇಜ್', 'ಲಿಟಲ್ ಗರ್ಲ್', 'ಆಂಬರ್ ಅಲರ್ಟ್' (ಅಪಹೃತ ಮಕ್ಕಳ ಕುರಿತ ಸಾರ್ವಜನಿಕ ಎಚ್ಚರಿಕೆ) ಮುಂತಾದ ಪದಗಳನ್ನು ತಂತ್ರಾಂಶದ ಮೂಲಕ ಕಿತ್ತುಹಾಕುತ್ತಿತ್ತು. ಪದ ಹೋಗುತ್ತಿತ್ತು, ಜಾಹೀರಾತು ಉಳಿಯುತ್ತಿತ್ತು. ವಯಸ್ಕರ ವಿಭಾಗದ ಜಾಹೀರಾತುಗಳಲ್ಲಿ ಶೇ. 70ರಿಂದ 80ರಷ್ಟನ್ನು ಹೀಗೆ ತಿದ್ದಲಾಗುತ್ತಿದೆ ಎಂಬುದು 2010ರ ಕೊನೆಯ ವೇಳೆಗೆ ಕಂಪನಿಯದೇ ಒಳ ಅಂದಾಜಾಗಿತ್ತು. ಹದಿನೆಂಟಕ್ಕಿಂತ ಕಡಿಮೆ ವಯಸ್ಸು ನಮೂದಿಸಿದವರು ಸಂಖ್ಯೆಯನ್ನು ಬದಲಿಸಿ ಮತ್ತೆ ಹಾಕಲು ಅವಕಾಶವಿತ್ತು. ಎಂದರೆ, ಮಗುವೊಂದನ್ನು ಮಾರಾಟಕ್ಕಿಡಲಾಗಿದೆ ಎಂದು ಸಾರುತ್ತಿದ್ದ ಗುರುತೇ ಓದುಗರನ್ನೂ ಪೊಲೀಸರನ್ನೂ ತಲುಪುವ ಮೊದಲು ಅಳಿಸಿಹೋಗುತ್ತಿತ್ತು. ಇದನ್ನು ಬಯಲು ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ.

ಹಾಗಾದರೆ ತಾಣ ಮುಚ್ಚಿದ ಮೇಲೆ ತನಿಖೆ ಕಷ್ಟವಾದದ್ದೇಕೆ? ಕಷ್ಟವಾದದ್ದು ನಿಜ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆಯ 2021ರ ವರದಿ ಅದನ್ನು ದಾಖಲಿಸಿದೆ. ಫೋಸ್ಟಾ ಕಾಯಿದೆಯ ಕ್ರಿಮಿನಲ್ ಕಲಮು ಅಲ್ಲಿಯವರೆಗೆ ಒಮ್ಮೆ ಮಾತ್ರ ಬಳಕೆಯಾಗಿತ್ತೆಂದೂ ಹೇಳಿದೆ. ಆದರೆ ಆ ವರದಿಯನ್ನು ಗಮನವಿಟ್ಟು ಓದಿದರೆ, ಕಳೆದುಹೋದದ್ದು ಜಾಹೀರಾತಿನ ಒಕ್ಕಣೆಗಿಂತ ಹೆಚ್ಚಾಗಿ ಅದರ ಹಿಂದಿನ ದಾಖಲೆ ಎನಿಸುತ್ತದೆ. ಬ್ಯಾಕ್‌ಪೇಜ್ ಅಮೆರಿಕದ ಕಾನೂನು ನೋಟಿಸುಗಳಿಗೆ ಉತ್ತರ ಕೊಡುತ್ತಿತ್ತು. ಅದರ ಜಾಗಕ್ಕೆ ಬಂದ ತಾಣಗಳು ವಿದೇಶಗಳಿಗೆ ಹೋದವು, ಹಣ ಪಾವತಿಯ ದಾರಿಗಳೂ ಜಟಿಲವಾದವು. ಹಾಗಾಗಿ, ಸಂತ್ರಸ್ತರಿಗೆ ರಕ್ಷಣೆ ಸಿಕ್ಕಿದ್ದ ಮಟ್ಟಿಗೆ ಅದು ಸಿಕ್ಕಿದ್ದು ನ್ಯಾಯಾಲಯದ ಕೈಗೆಟಕುತ್ತಿದ್ದ ದಾಖಲೆಯಿಂದ; ಜಾಹೀರಾತು ಬಹಿರಂಗವಾಗಿದ್ದುದು ಅದಕ್ಕೆ ಪೂರಕವಾಗಿತ್ತಷ್ಟೆ ಎಂಬುದು ನನ್ನ ವಾದ.

ಈ ವಾದಕ್ಕೆ ಮಿತಿಗಳಿವೆ. ದಾಖಲೆಯನ್ನು ಕೇಳಲು ಮೊದಲು ಜಾಹೀರಾತು ಕಾಣಬೇಕು. ಎರಡನ್ನೂ ಪೂರ್ತಿ ಬೇರ್ಪಡಿಸಲಾಗದು. 2015ರಲ್ಲಿ ವೀಸಾ ಮತ್ತು ಮಾಸ್ಟರ್‌ಕಾರ್ಡ್ ಬ್ಯಾಕ್‌ಪೇಜ್‌ನಿಂದ ಹಿಂದೆ ಸರಿದು ಪಾವತಿಯ ಸುಳಿವು ತೆಳುವಾದ ಮೇಲೂ ಪೊಲೀಸರಿಗೆ ಆ ತಾಣ ಉಪಯುಕ್ತವಾಗಿಯೇ ಇತ್ತು. ಸ್ವಇಚ್ಛೆಯಿಂದ ಈ ವೃತ್ತಿಯಲ್ಲಿರುವ ವಯಸ್ಕ ಮಹಿಳೆಯರಿಗೆ ಜಾಹೀರಾತು ಗಿರಾಕಿಯನ್ನು ಮುಂಚೆಯೇ ಪರಿಶೀಲಿಸುವ ಸಾಧನವೂ ಆಗಿತ್ತು. ಆ ಸುರಕ್ಷತೆಯನ್ನು ನನ್ನ ವಾದ ಅಳೆಯುವುದಿಲ್ಲ. ಅಪ್ರಾಪ್ತರ ಪ್ರಕರಣಗಳಿಗಷ್ಟೇ ಅದನ್ನು ಅನ್ವಯಿಸಬೇಕೆಂದು ಕೋರುತ್ತೇನೆ.

ತಿದ್ದುವಿಕೆ ಮತ್ತು ದಾಖಲೆಯ ಈ ಪ್ರಶ್ನೆ ಭಾರತಕ್ಕೂ ಸಂಬಂಧಿಸಿದ್ದು. ನಮ್ಮಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 79ನೇ ಕಲಮು ಮಧ್ಯವರ್ತಿ ತಾಣಗಳಿಗೆ ನೀಡುವ ರಕ್ಷಣೆಗೆ, ಅವು ಮಾಹಿತಿಯನ್ನು ಆಯುವ ಅಥವಾ ತಿದ್ದುವ ಕೆಲಸಕ್ಕೆ ಕೈಹಾಕಬಾರದೆಂಬ ಷರತ್ತಿದೆ. ತೆಗೆದುಹಾಕಿದ ಮಾಹಿತಿಯನ್ನು ತನಿಖೆಗಾಗಿ 180 ದಿನ ಕಾಯ್ದಿರಿಸಬೇಕೆಂದು ಅದೇ ಕಾಯಿದೆಯಡಿಯ 2021ರ ನಿಯಮಗಳು ವಿಧಿಸುತ್ತವೆ. ಆದರೆ ಪ್ರಕಟವಾಗುವ ಮೊದಲೇ ತಂತ್ರಾಂಶ ಕಿತ್ತುಹಾಕಿದ ಪದ ಈ 'ತೆಗೆದುಹಾಕಿದ ಮಾಹಿತಿ'ಯೊಳಗೆ ಬರುತ್ತದೆಯೇ ಎಂಬುದನ್ನು ಪ್ರತ್ಯೇಕವಾಗಿಯೇ ಪರಿಶೀಲಿಸಬೇಕಾಗಿದೆ.