ತೇಗದ ಮನೆಯೂ ಅದರಲ್ಲಿ ಬಾಳಿದವರೂ



‘ಬಂಗಲೆ’ ಎಂಬ ಶಬ್ದವು ಬಂಗಾಳದಲ್ಲಿ ಹುಟ್ಟಿ ಕಡಲುಗಳನ್ನು ದಾಟಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿಯೂ ನೆಲಸಿತು. ಆ ಪ್ರಾಂತದ ಪ್ಯಾಸಡೀನ ಪಟ್ಟಣದಲ್ಲಿ 1908ನೆಯ ಇಸವಿಯಲ್ಲಿ ಕಟ್ಟತೊಡಗಿದ ಅಂತಹದೊಂದು ಹಿರಿಯ ಬಂಗಲೆಯ ಚರಿತ್ರೆಯನ್ನು ನಾವು ಈಗ ಅರಿಕೆಮಾಡುವೆವು.

ಯಂತ್ರಗಳು ಒಂದೇ ಅಚ್ಚಿನ ವಸ್ತುಗಳನ್ನು ರಾಶಿ ಹಾಕುತ್ತಿದ್ದ ಕಾಲವದು. ಕೈಗೆಲಸಕ್ಕೆ ಮರಳಿ ಗೌರವವನ್ನು ತರಬೇಕೆಂಬ ಚಳುವಳಿಯು ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹಬ್ಬಿ, ‘ಕ್ರಾಫ್ಟ್ಸ್‌ಮನ್’ ಎಂಬ ಗೃಹಶೈಲಿಗೆ ಕಾರಣವಾಯಿತು. ಈ ಮನೆಯನ್ನು ರೂಪಿಸಿದ ಚಾರ್ಲ್ಸ್ ಗ್ರೀನ್ ಮತ್ತು ಹೆನ್ರಿ ಗ್ರೀನ್ ಸಹೋದರರು ಬಾಲ್ಯದಲ್ಲಿಯೇ ಶಾಲೆಯಲ್ಲಿ ಬಡಗಿಯ ಕೆಲಸವನ್ನು ಕಲಿತವರು. ಜಪಾನಿನ ಮರಗೆಲಸವನ್ನು ಮೆಚ್ಚಿದವರು. ಆದುದರಿಂದಲೇ ಇಲ್ಲಿಯ ತೊಲೆಗಳ ಅಂಚು ಕೈಗೆ ನುಣುಪಾಗಿದೆ. ಮರಗಳ ಕೂಡಿಕೆಯು ಮುಚ್ಚುಮರೆಯಿಲ್ಲದೆ ಒಂದು ಅಲಂಕಾರವೇ ಆಗಿದೆ. ಹೆಬ್ಬಾಗಿಲಿನ ಬಣ್ಣದ ಗಾಜಿನಲ್ಲಿ ಓಕ್ ವೃಕ್ಷವೊಂದು ಕೊಂಬೆ ಚಾಚಿದೆ. ಒಳಗಣ ಪಡಸಾಲೆಯು ತೇಗದಿಂದ ಕೂಡಿದೆ.

ಇದನ್ನು ಕಟ್ಟಿಸಿದವರು ಸಿನ್ಸಿನಾಟಿಯ ಸಾಬೂನು ವ್ಯಾಪಾರದ ಮನೆತನಕ್ಕೆ ಸೇರಿದ ಡೇವಿಡ್ ಗ್ಯಾಂಬಲ್ ಮತ್ತು ಅವರ ಪತ್ನಿ ಮೇರಿ. ಡೇವಿಡ್ಡರು 1923ರಲ್ಲಿಯೂ ಮೇರಿಯವರು 1929ರಲ್ಲಿಯೂ ತೀರಿಕೊಂಡರು. ಮನೆಗೆ ಹೆಸರು ಯಜಮಾನನದು; ಆದರೆ ಅವರ ತರುವಾಯವೂ ದೀಪವನ್ನು ಆರಗೊಡದೆ ಅಲ್ಲಿ ಬಾಳಿದವರು ಮೇರಿಯವರ ತಂಗಿ ಜೂಲಿಯಾ ಹಗಿನ್ಸ್. 1943ರಲ್ಲಿ ತಾವು ಮರಣ ಹೊಂದುವವರೆಗೂ ಆಕೆ ಅದೇ ಮನೆಯಲ್ಲಿದ್ದರು. ಕಟ್ಟಿಸಿದವರನ್ನು ಸ್ಮರಿಸುವ ಚರಿತ್ರೆಯು ಕಾಪಾಡಿದವರನ್ನು ಎಷ್ಟು ಬೇಗ ಮರೆಯುತ್ತದೆ!

ಬಳಿಕ ಮಗನಾದ ಸೆಸಿಲರೂ ಅವರ ಪತ್ನಿ ಲೂಯಿಸ್ ಅವರೂ ಅಲ್ಲಿಗೆ ಬಂದರು. ಒಮ್ಮೆ ಮನೆಯನ್ನು ಮಾರುವ ಯೋಚನೆಯೂ ನಡೆಯಿತು. ಕೊಳ್ಳಬಂದವರು ಒಳಗಣ ಮರಕ್ಕೆಲ್ಲ ಬಿಳಿಯ ಬಣ್ಣವನ್ನು ಬಳಿಯಿಸುವ ಮಾತಾಡಿದರಂತೆ; ಅದನ್ನು ಕೇಳಿ ಮಾರಾಟವನ್ನೇ ಕೈಬಿಟ್ಟರೆಂದು ಆ ಮನೆತನದ ಕಥನವಿದೆ. ಕಡೆಗೆ 1966ರಲ್ಲಿ ಮನೆಯು ಪಟ್ಟಣದ ಸೊತ್ತಾಯಿತು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವೂ ಅದರ ಪಾಲನೆಯಲ್ಲಿ ಸೇರಿತು. ವಾಸ್ತುಶಿಲ್ಪದ ವಿದ್ಯಾರ್ಥಿಗಳು ಅಲ್ಲಿ ವಾಸಮಾಡುವ ಪದ್ಧತಿಯೂ ಬೆಳೆಯಿತು.

ಒಂದು ಡಬ್ಬಿ ಬಣ್ಣದಿಂದ ಅಳಿಯಬಹುದಾಗಿದ್ದ ಶಿಲ್ಪವು ಹೀಗೆ ಉಳಿಯಿತು. ಹಳೆಯ ಮನೆಗಳನ್ನು ಕೆಡಹುವುದಕ್ಕೆ ಹಾರೆ ಗುದ್ದಲಿಗಳೇ ಬೇಕಾಗಿಲ್ಲ. ಬೆಲೆಯನ್ನರಿಯದ ಅಭಿರುಚಿಯೊಂದೇ ಸಾಕು. ಅವುಗಳನ್ನು ಉಳಿಸುವುದಕ್ಕೂ ಅಷ್ಟೇ: ಬೆಲೆಯನ್ನರಿತವರೊಬ್ಬರು ಸಕಾಲದಲ್ಲಿ ‘ಕೂಡದು’ ಎಂದರೆ ಸಾಕೆಂದು ನಾವು ಭಾವಿಸುವೆವು.