ತಾತನ ಅಂಬು, ಜಾಲದ ಮರದ ಅರಗು, ನಾನು ಹಾಕಿದ ಟ್ಯೂಬ್ ಅಂಟು

ಇವತ್ತು ಬೆಳೆ ವಿಷಯ ಅಲ್ಲ. ಆದ್ರೆ ಬಿದಿರು, ಮರ, ಹುಳ ಎಲ್ಲಾ ಬರುತ್ತೆ, ಅದಕ್ಕೇ ಇಲ್ಲಿ ಬರೀತಿದೀನಿ. ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

ನಮ್ಮ ತಾತನ ಕಾಲದಲ್ಲಿ ಸಾರಕ್ಕಿ ಕೆರೆ ಕೆಳಗೆ ನಮ್ಮ ಗದ್ದೆ ಇತ್ತು. ಈಗ ಅಲ್ಲಿ ಬರೀ ಮನೆಗಳು. ನಾನು ಕನಕಪುರ ರಸ್ತೆ ಕಡೆ ತೋಟ ಮಾಡ್ಕೊಂಡು, ಬೆಳಗಿನ ಜಾವ ಸೊಪ್ಪು ತಗೊಂಡು ಸಾರಕ್ಕಿ ಮಾರ್ಕೆಟ್ಟಿಗೆ ಹೋಗೋನು. ಗದ್ದೆ ಕಾಲದ್ದು ಅಂತ ಮನೇಲಿ ಉಳಿದಿರೋದು ಒಂದು ಕೊಳಗ, ಮೂರು ಅಂಬು. ಬಿಲ್ಲು ಯಾವತ್ತೋ ಒಲೆ ಸೇರಿತಂತೆ. ಅಂಬುಗಳನ್ನ ಮಾತ್ರ ವರ್ಷಕ್ಕೊಂದ್ಸಲ ಆಯುಧಪೂಜೆಗೆ ಅಟ್ಟದಿಂದ ಇಳಿಸಿ, ಪಂಪ್‌ಸೆಟ್ ಸ್ಟಾರ್ಟರ್ ಪಕ್ಕ ಇಟ್ಟು ಕುಂಕುಮ ಹಚ್ತೀವಿ.

ಹೋದ ಸಲ ನೋಡಿದಾಗ ಎರಡು ಅಂಬಿನ ಗರಿ ಸಡಿಲ ಆಗಿತ್ತು. ಗರಿ ಬುಡದಲ್ಲಿ ನೂಲು ಸುತ್ತಿ, ಅದರ ಮೇಲೆ ಕಪ್ಪಗೆ ಏನೋ ಮೆತ್ತಿದ್ರು. ನಾನು ಟಾರ್ ಅಂದ್ಕೊಂಡು ಬ್ಲೇಡಲ್ಲಿ ಕೆರೆದು ಎಸೆದೆ, ನೂಲೂ ಹೋಯ್ತು. ಅಂಗಡಿಯಿಂದ ತಕ್ಷಣ ಹಿಡಿಯೋ ಟ್ಯೂಬ್ ಅಂಟು ತಂದು ಹಾಕಿದೆ. ಐದು ನಿಮಿಷಕ್ಕೆ ಕಲ್ಲಿನ ಹಾಗೆ ಕೂತ್ತು. ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಕೊಂಡೆ. ದೀಪಾವಳಿ ಹೊತ್ತಿಗೆ ಗರಿಗಳು ಪಟಪಟ ಅಂತ ಎದ್ದು ಬಂದ್ವು, ಜೊತೆಗೆ ಬಿದಿರಿನ ಸಿಪ್ಪೆ ಸೀಳ್ಕೊಂಡು. ಮೂರನೇದಕ್ಕೂ ಕೈ ಹಾಕೋನಿದ್ದೆ, ದೊಡ್ಡಪ್ಪ ಬೈದ್ರು. "ಅದು ಟಾರಲ್ಲ ಕಣೋ, ಅರಗು. ಕೆಂಡ ತೋರಿಸಿದ್ರೆ ತಾನೇ ಬಿಡ್ತದೆ. ಬ್ಲೇಡ್ ಯಾಕೆ ಹಾಕ್ದೆ?"

ಅಲ್ಲಿಂದ ಶುರುವಾಯ್ತು ನನ್ನ ಹುಡುಕಾಟ.

ನಮ್ಮ ಸೀಮೆ ಯುದ್ಧಕ್ಕೆ ಹೊಸದಲ್ಲ. ಬೇಗೂರಿನ ಶಾಸನದಲ್ಲಿ ಸುಮಾರು ಕ್ರಿ.ಶ. 890ರ ಬೆಂಗಳೂರು ಕಾಳಗದ ಮಾತಿದೆ. ವೀರಗಲ್ಲುಗಳಲ್ಲಿ ಬಿಲ್ಲು ಹಿಡಿದ ವೀರರನ್ನ ಎಷ್ಟೋ ಕಡೆ ನೋಡ್ತೀವಿ. ಆದ್ರೆ ಗರಿ ಹೇಗೆ ಅಂಟಿಸಿದ್ರು ಅನ್ನೋದು ಕಲ್ಲಲ್ಲಿ ಕಾಣಲ್ಲ. ಅದಕ್ಕೆ ಗ್ರಂಥ ನೋಡಬೇಕು.

ವಸಿಷ್ಠರ ಹೆಸರಲ್ಲಿರೋ ಧನುರ್ವೇದ ಸಂಹಿತೆಯಲ್ಲಿ ಈ ವಿಷಯ ಇದೆ. ಅಂಬಿನ ಕಡ್ಡಿ ಆರಿಸೋದು ಹೇಗೆ ಅಂತ ಓದಿದ್ರೆ ಯಾರೋ ರೈತನೇ ಬರೆದಂಗಿದೆ: ತೀರಾ ದಪ್ಪ ಬೇಡ, ತೀರಾ ಸಣ್ಣ ಬೇಡ, ಕೆಟ್ಟ ನೆಲದಲ್ಲಿ ಬೆಳೆದದ್ದು ಬೇಡ, ಸೀಳಿದ್ದು ಬೇಡ, ಗೆಣ್ಣು ತುಂಬಿ, ಬಲಿತು, ಬಿಳಿಚಿದ ಹಳದಿಗೆ ತಿರುಗಿದ್ದನ್ನ ಸರಿಯಾದ ಕಾಲದಲ್ಲಿ ಕಡಿಯಬೇಕು. ಗರಿಗೆ ಕಾಗೆ, ಹಂಸ, ನವಿಲು, ಹದ್ದು ಹೀಗೆ ಪಟ್ಟಿ ಇದೆ. ಒಂದು ಅಂಬಿಗೆ ನಾಲ್ಕು ಗರಿ, ಒಂದೊಂದು 6 ಅಂಗುಲ. ಕೊಂಬಿನ ಬಿಲ್ಲಿನ ಅಂಬಿಗಾದ್ರೆ 10 ಅಂಗುಲ. ಪೂರ್ತಿ ಕಬ್ಬಿಣದ ಅಂಬಿಗೆ ನಾರಾಚ ಅಂತ ಹೆಸರು; ಅದಕ್ಕೆ ಅಗಲವಾದ ಐದು ಗರಿ, ಅದು ಎಲ್ಲರ ಕೈಗೂ ಒಗ್ಗಲ್ಲ ಅಂತಾನೂ ಹೇಳುತ್ತೆ.

ನನಗೆ ಮುಖ್ಯ ಅನ್ನಿಸಿದ್ದು ಇದು: ನಾಲ್ಕು ಗರಿಗಳನ್ನ ಪ್ರಾಣಿಯ ನರದ ಎಳೆಯಿಂದ ಬಿಗಿಯಾಗಿ ಕಟ್ಟು ಅಂತಿದೆ. ಭಾರ ಹೊರೋದು ಕಟ್ಟು. ಅಂಟು ಅದಕ್ಕೆ ಜೊತೆಗಾರ, ಕಟ್ಟು ಜಾರದ ಹಾಗೆ, ನೀರು ಇಳಿಯದ ಹಾಗೆ. ಟಿಪ್ಪು ಕಾಲದ ರಾಕೆಟ್ಟುಗಳದ್ದೂ ಇದೇ ಕಥೆ. ಕಬ್ಬಿಣದ ಕೊಳವೆಯನ್ನ ಬಿದಿರಿಗೆ ಚರ್ಮದ ಪಟ್ಟಿಯಿಂದ ಬಿಗೀತಿದ್ರು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಸಿಕ್ಕಿದ್ವಲ್ಲ, ಕೊಳವೆಗಳು ಮಾತ್ರ ಸಿಕ್ಕಿದ್ದು.

ಬಿದಿರಿನ ವಿಷಯ ನಿಮಗೇನು ಹೊಸದಾಗಿ ಹೇಳೋದು. ಮೇಲಿನ ಸಿಪ್ಪೆ ಗಾಜಿನಂಗೆ ನುಣುಪು, ನೀರು ಕುಡಿಯಲ್ಲ. ಬಡಗಿಗಳು ವಜ್ರ ಅಂತಾರಲ್ಲ, ಚರ್ಮ ಮೂಳೆ ಬೇಯಿಸಿ ಮಾಡೋ ಅಂಟು, ಅದು ಮರದ ಒಳಗೆ ಇಳಿದು ಹಿಡಿಯುತ್ತೆ. ಬಿದಿರಿನ ಸಿಪ್ಪೆ ಕೆರೆಯದೆ ಹಾಕಿದ್ರೆ ನಿಲ್ಲಲ್ಲ, ಮಳೇಲಿ ನೆನೆದ್ರೆ ಬಿಟ್ಕೊಳ್ಳುತ್ತೆ. ಈಗಿನ ಬಿಳಿ ಮರದಂಟೂ ನೀರು ಆರಿದ ಮೇಲೇ ಗಟ್ಟಿಯಾಗೋದು. ಮರದ ಕಡ್ಡಿಗೆ ಸರಿ, ಕಬ್ಬಿಣಕ್ಕೆ, ಅಲ್ಯೂಮಿನಿಯಂಗೆ ಪ್ರಯೋಜನ ಇಲ್ಲ.

ಅರಗು ಬೇರೆ ಜಾತಿ. ಬಿಸಿಗೆ ಕರಗಿ ಸಂದು ತುಂಬುತ್ತೆ, ತಣ್ಣಗಾದ್ರೆ ಗಟ್ಟಿ, ನೀರಿಗೆ ಕರಗಲ್ಲ. ಮಚ್ಚಿನ ಹಿಡಿ ಕೂರಿಸೋಕೆ, ಅಕ್ಕಸಾಲಿಗರು ಒಡವೆ ಹಿಡಿದಿಡೋಕೆ ಇದೇ ಬೇಕಿತ್ತು. ಚನ್ನಪಟ್ಟಣದ ಗೊಂಬೆಯ ಹೊಳಪೂ ಇದರದ್ದೇ, ತಿರುಗೋ ಹಾಲೆ ಮರಕ್ಕೆ ಒತ್ತಿ ಹಿಡಿದ್ರೆ ತಿಕ್ಕಾಟದ ಬಿಸಿಗೇ ಕರಗಿ ಕೂರುತ್ತೆ.

ಈ ಅರಗು ಎಲ್ಲಿಂದಲೋ ಬರಬೇಕಾಗಿರಲಿಲ್ಲ. ಬನ್ನೇರುಘಟ್ಟ ಕಾಡಲ್ಲಿ ಜಾಲದ ಮರ ಇದೆಯಲ್ಲ, ಕೆಲವರು ಜಾಲಾರಿ ಅಂತಾರೆ, ಅದರ ಕೊಂಬೆ ಮೇಲೆ ಕೂತು ರಸ ಹೀರೋ ಸಣ್ಣ ಹುಳ ತನ್ನ ಮೈ ಮುಚ್ಕೊಳ್ಳೋಕೆ ಬಿಡೋ ಅಂಟೇ ಅರಗು. ಉತ್ತರದ ಕಡೆ ಮುತ್ತುಗ, ಸಾಗಡೆ, ಬೋರೆ ಮರದಲ್ಲಿ ಬೆಳೀತಾರೆ. ನಮ್ಮ ಜಾಲದ ಮರದ ಹುಳಕ್ಕೆ ವಿಜ್ಞಾನಿಗಳು ಮೈಸೂರಿನ ಹೆಸರನ್ನೇ ಇಟ್ಟಿದ್ದಾರೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಿದ ಬುಕಾನನ್ ಕೂಡ ಜಾಲದ ಮರದ ಅರಗಿನ ಬಗ್ಗೆ ಬರೆದಿದ್ದಾನೆ. ತೋಟಕ್ಕೆ ಬಂದ್ರೆ ನಾವು ಔಷಧಿ ಹೊಡೆಯೋ ಹಿಟ್ಟುತಿಗಣೆಯ ಸಂಬಂಧಿಕನೇ ಈ ಹುಳ ಅಂದ್ರೆ ನಂಬ್ತೀರಾ?

ಹಾಗಾದ್ರೆ ಟ್ಯೂಬ್ ಅಂಟು ಕೆಟ್ಟದ್ದಾ? ಅಲ್ಲ. ಅಮೆರಿಕದ ಹ್ಯಾರಿ ಕೂವರ್ ಅನ್ನೋರು 1942ರಲ್ಲಿ ಇದನ್ನ ಮೊದಲು ಕಂಡಿದ್ದು, ಮಾರಾಟಕ್ಕೆ ಬಂದಿದ್ದು 1958ರಲ್ಲಿ. ಈಗಿನ ಬಿಲ್ಲುಗಾರರು ಕಾರ್ಬನ್, ಅಲ್ಯೂಮಿನಿಯಂ ಅಂಬಿಗೆ ಇದನ್ನೇ ಹಾಕ್ತಾರೆ. ಅಲ್ಲಿ ಕಡ್ಡಿ ನುಣುಪು, ಪ್ಲಾಸ್ಟಿಕ್ ಗರಿಯ ಬುಡ ಸಪಾಟು, ಎರಡೂ ಕೂದಲೆಳೆ ಸಂದಿಲ್ಲದೆ ಕೂರುತ್ತೆ. ಸ್ಪಿರಿಟ್ಟಲ್ಲಿ ಒರೆಸಿ ಒಂದು ಗೆರೆ ಎಳೆದ್ರೆ ಮುಗೀತು. ಕಾರ್ಬನ್ನಿಗೆ ಅರಗು ಹಾಕೋಕೆ ಹೋಗಿ ಜೋರಾಗಿ ಕಾಯಿಸಿದ್ರೆ ಕಡ್ಡಿಯೇ ಹಾಳು. ನನ್ನ ಬಿದಿರಲ್ಲಿ ಆಗಿದ್ದು ಉಲ್ಟಾ: ಡೊಂಕು ಕಡ್ಡಿ, ಸೀಳಿದ ಗರಿಯ ಒರಟು ಬುಡ, ಮಧ್ಯೆ ಸಂದು. ಟ್ಯೂಬ್ ಅಂಟು ಸಂದು ತುಂಬಲ್ಲ, ಒಣಗಿದ್ರೆ ಬಾಗಲ್ಲ. ಬಿದಿರು ಬಿಸಿಲಿಗೆ, ಚಳಿಗೆ ಅಲುಗಾಡ್ತಾನೇ ಇರುತ್ತೆ.

ಅದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ಅಂಬಿನಲ್ಲಿ ಬೇಗ ಹಾಳಾಗೋದು ಗರಿ, ಅದನ್ನ ಬದಲಾಯಿಸ್ತಾನೇ ಇರಬೇಕು. ಅರಗಾದ್ರೆ ಕೆಂಡಕ್ಕೆ ಹಿಡಿದು, ಹಳೇದು ತೆಗೆದು, ಅದೇ ಕಡ್ಡಿಗೆ ಹೊಸದು ಕೂರಿಸಬಹುದು. ತಾತ ಆ ಕಡ್ಡಿಗಳಿಗೆ ಎಷ್ಟು ಸಲ ಗರಿ ಬದಲಾಯಿಸಿದ್ರೋ. ನಾನು ಒಂದೇ ಸಲಕ್ಕೆ ಸಿಪ್ಪೆ ಕಿತ್ತು ಕೂತೆ.

ಆಮೇಲೆ ಚನ್ನಪಟ್ಟಣದಿಂದ ಒಂದು ಹಿಡಿ ಅರಗು ತಂದೆ. ಎರಡೂ ಕಡ್ಡಿಯ ಸೀಳಿದ ಜಾಗ ಮರಳು ಕಾಗದದಲ್ಲಿ ಉಜ್ಜಿ, ನಮ್ಮ ಹುಂಜದ ರೆಕ್ಕೆ ಗರಿ ಸೀಳಿ, ನೂಲು ಬಿಗಿದು, ದೊಡ್ಡಪ್ಪ ಹೇಳಿದಂಗೆ ಕೆಂಡದ ಮೇಲೆ ಅರಗು ಕರಗಿಸಿ ಸವರಿದೆ. ಎರಡು ಸಲ ಬೆರಳು ಸುಟ್ಕೊಂಡೆ. ಮಳೆಗಾಲ ಕಳೀತು, ಗರಿ ಅಲ್ಲಾಡಿಲ್ಲ. ಮೂರನೇ ಅಂಬನ್ನ ಮುಟ್ಟಿಲ್ಲ. ಅದರ ಮೇಲಿರೋದು ತಾತ ಕಟ್ಟಿದ ನೂಲು, ತಾತ ಸವರಿದ ಅರಗು. ಹತ್ರದಿಂದ ನೋಡಿದ್ರೆ ಕಪ್ಪಿನ ಮೇಲೆ ಒಂದು ಹೆಬ್ಬೆರಳ ಗುರುತು ಕಾಣುತ್ತೆ.