ನೂಲು, ಬಣ್ಣ, ರೋಗಪತ್ತೆ

ಬಣ್ಣ ನೋಡಿ ವಸ್ತುವಿನ ಗುಣ ತಿಳಿಯುವ ವಿದ್ಯೆ ಪ್ರಯೋಗಾಲಯಕ್ಕಿಂತ ಬಹಳ ಹಳೆಯದು. ಅರಿಸಿನದ ನೀರಿಗೆ ಸುಣ್ಣ ಬೆರೆಸಿದರೆ ಆರತಿಯ ಕೆಂಪು ಓಕುಳಿಯಾಗುತ್ತದೆ. ಅದಕ್ಕೆ ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಸೀರೆಗೆ ಹತ್ತಿದ ಅರಿಸಿನದ ಕಲೆ ಸೋಪು ತಾಗಿದೊಡನೆ ಕೆಂಪಾಗುವುದಕ್ಕೂ ಸೋಪಿನ ಕ್ಷಾರಗುಣವೇ ಕಾರಣ.

ರೋಗಪತ್ತೆಗೆ ಈ ವಿದ್ಯೆ ಬಂದದ್ದು ತಡವಾಗಿ. ಅಮೆರಿಕದ ಸ್ಟ್ಯಾನ್ಲಿ ಬೆನೆಡಿಕ್ಟ್ 20ನೆಯ ಶತಮಾನದ ಮೊದಲ ದಶಕದಲ್ಲಿ ರೂಪಿಸಿದ ನೀಲಿ ದ್ರಾವಣ ಸಕ್ಕರೆ ಕಾಯಿಲೆಯ ಪರೀಕ್ಷೆಗೆ ದಶಕಗಳ ಕಾಲ ಆಧಾರವಾಗಿತ್ತು. ಪ್ರನಾಳದಲ್ಲಿ 5 ಮಿಲಿಲೀಟರ್ ದ್ರಾವಣಕ್ಕೆ 8 ಹನಿ ಮೂತ್ರ ಹಾಕಿ ಕುದಿಸಬೇಕು. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಇದ್ದರೆ ಅದರ ಪ್ರಮಾಣಕ್ಕೆ ತಕ್ಕಂತೆ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆಗೆಂಪು. 1956ರಲ್ಲಿ ಬಂದ ಕ್ಲಿನಿಸ್ಟಿಕ್ಸ್ ಪಟ್ಟಿ ಬೆಂಕಿಯನ್ನೂ ಪ್ರನಾಳವನ್ನೂ ಬಿಡಿಸಿತು. ಪಟ್ಟಿಯನ್ನು ಅದ್ದಿ ತೆಗೆದರಾಯಿತು.

ಬೆಂಗಳೂರಿನಲ್ಲಿ ಈ ಕಥೆ ನೂಲಿನೊಡನೆ ಹೆಣೆದುಕೊಂಡಿದೆ. 1884ರಲ್ಲಿ ಆರಂಭವಾದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ ಎರಡು ವರ್ಷಗಳಲ್ಲಿ ಬಿನ್ನಿ ಕಂಪನಿಯ ಆಡಳಿತಕ್ಕೆ ಬಂದಿತು. ಬಿನ್ನಿಪೇಟೆಗೆ ಹೆಸರು ಬಂದದ್ದು ಅಲ್ಲಿಂದಲೇ. ಗಿರಣಿಯ ಜಾಗದಲ್ಲಿ ಈಗ ಮಾಲ್ ಮತ್ತು ಅಪಾರ್ಟ್‌ಮೆಂಟುಗಳಿವೆ. ಆದರೆ ನೇಯ್ಗೆಯೇ ರೋಗಪತ್ತೆಯ ಸಾಧನವಾಗಬಲ್ಲದು ಎಂದು ತೋರಿಸಿದವರು ಇದೇ ಊರಿನವರು. ಅಚಿರಾ ಲ್ಯಾಬ್ಸ್‌ನ ಧನಂಜಯ ದೆಂಡುಕೂರಿ ಮತ್ತು ಸಂಗಡಿಗರು 2011ರಲ್ಲಿ ‘ಫ್ಯಾಬ್-ಚಿಪ್ಸ್’ ಎಂಬ ಪ್ರಬಂಧ ಪ್ರಕಟಿಸಿದರು. ರೇಷ್ಮೆ ನೂಲಿಗೆ ಪರೀಕ್ಷೆಯ ರಾಸಾಯನಿಕ ಹಚ್ಚಿ, ಒಣಗಿಸಿ, ಕೈಮಗ್ಗದಲ್ಲಿ ನೇಯ್ದು, ಬಟ್ಟೆಯನ್ನು ಪಟ್ಟಿಗಳಾಗಿ ಕತ್ತರಿಸುವುದು ಅವರ ವಿಧಾನ. ನೀರು ಹೀರುವ ನೂಲನ್ನೂ ಹೀರದ ನೂಲನ್ನೂ ಜಕಾರ್ಡ್ ನೆರವಿನಿಂದ ಜೋಡಿಸಿದರೆ ದ್ರವ ಬೇಕಾದ ದಾರಿಯಲ್ಲೇ ಹರಿಯುತ್ತದೆ. ನೂಲಿನ ಹುರಿ ಬದಲಿಸಿದರೆ ಹರಿವಿನ ವೇಗವೂ ಬದಲಾಗುತ್ತದೆ. ಫಲಿತಾಂಶ ನೋಡಲು ಕಣ್ಣೇ ಸಾಕು. ಸೀರೆ ನೇಯುವ ಮಗ್ಗ, ಸೀರೆ ನೇಯುವ ಕೈಗಳೇ ಇದಕ್ಕೂ ಒದಗುತ್ತವೆಂಬುದು ಈ ಕೆಲಸದ ನಿಜವಾದ ಹೆಚ್ಚುಗಾರಿಕೆ.

ಫ್ಯಾಬ್-ಚಿಪ್ಸ್ ಆಗ ತತ್ತ್ವವನ್ನು ಸಾಬೀತುಪಡಿಸಿದ ಪ್ರಯೋಗ. ಜನಬಳಕೆಯಲ್ಲಿ ಬೇರೂರಿರುವುದು ನೈಟ್ರೋಸೆಲ್ಯುಲೋಸ್ ಪಟ್ಟಿ. ಆಶಾ ಕಾರ್ಯಕರ್ತೆಯರು ಕೊಡುವ ‘ನಿಶ್ಚಯ್’ ಗರ್ಭಪರೀಕ್ಷೆಯ ಕಿಟ್ ಇದಕ್ಕೆ ಉದಾಹರಣೆ. ಎರಡು ಗೆರೆ ಮೂಡಿದರೆ ಗರ್ಭ ನಿಂತಿದೆ, ಒಂದೇ ಆದರೆ ಇಲ್ಲ. ಒಂದೂ ಮೂಡದಿದ್ದರೆ ಆ ಪರೀಕ್ಷೆ ಲೆಕ್ಕಕ್ಕಿಲ್ಲ. ಹೊಸ ಕಿಟ್ ತಂದು ಮತ್ತೆ ನೋಡಬೇಕು.